ಹಾಸ್ಯರತ್ನರ ಮಾನ

ಅಲ್ ರೀಮ್ ಐಲ್ಯಾಂಡ್, ಅಬುಧಾಬಿ
19 ನವೆಂಬರ್ 2016

ಹಾಸ್ಯರತ್ನ ಮೋಹನದಾಸರಿಗೆ ಅವರ ಹೆಂಡತಿ ವಾರಿಜಾ ಬರೆಯುವುದು,

ಮೂರು ತಿಂಗಳ ಹಿಂದೆ ನಾನು ದುಬೈನ ಕರಾಮದ ಮನೆ ಬಿಟ್ಟ ದಿನವೇ ನೀವು ನನ್ನನ್ನು ಬ್ಲಾಕ್ ಮಾಡಿದಿರಿ. ಫೋನೂ ಇಲ್ಲ, ವಾಟ್ಸಾಪೂ ಇಲ್ಲ, ಫೇಸ್‌ಬುಕ್ಕೂ ಇಲ್ಲ. ಮದುವೆಗೆ ಮುಂಚೆ ಬರೆಯುತ್ತಿದ್ದ ಹಾಗೆ ಮತ್ತೆ ಕಾಗದ ಹಿಡಿಯಬೇಕಾಯಿತು. ಹೆದರಬೇಡಿ, ವಾಪಸ್ ಬರುತ್ತೇನೆಂದು ಬರೆಯುತ್ತಿಲ್ಲ. ಸತ್ವಾದ ಟೈಲರ್ ಅಬ್ಬಾಸರ ಮೇಲೆ ಕೊಟ್ಟ ಪೊಲೀಸ್ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕೇಳುವುದು ಇಷ್ಟೇ.

ಅವರ ಪಾಸ್‌ಪೋರ್ಟ್ ಠಾಣೆಯಲ್ಲಿದೆ. ಡಿಸೆಂಬರ್ ನಾಲ್ಕಕ್ಕೆ ಉಳ್ಳಾಲದಲ್ಲಿ ಅವರ ಮಗಳು ಶೈಮಾಳ ನಿಕಾಹ್. ನಿಮ್ಮ ಸ್ಟೇಜ್ ಕೋಟುಗಳನ್ನೆಲ್ಲ ಹೊಲಿದ ಮನುಷ್ಯ ಮಗಳ ಮದುವೆಯನ್ನು ಫೋನಿನಲ್ಲಿ ನೋಡಬೇಕೆ? ಕೇಸು ಗಟ್ಟಿಯಾದರೆ ಅವರ ದುಬೈ ಬದುಕೇ ಖಲಾಸ್.

ನಿಮ್ಮ ಫೇಸ್‌ಬುಕ್ ವಿಡಿಯೊದ ಕೆಳಗೆ ಅವರ ಹೆಸರಿನಲ್ಲಿ ಬಂದ ಕಾಮೆಂಟಿನಲ್ಲಿ ಇದ್ದದ್ದಾದರೂ ಏನು? "ಮೋಹನಣ್ಣ, ನಿಮ್ಮ ತಮಾಷೆಗೆ ಈಗ ಮುಂದಿನ ಸಾಲಿನವರು ಮಾತ್ರ ನಗುವುದು. ಹಿಂದೆ ಕೂತವರಿಗೆ ಪಾಪ ಅನಿಸುತ್ತದೆ." ಒಂದು ಬೈಗುಳವಿಲ್ಲ. ಅದಕ್ಕೆ ನಿಮ್ಮ ಮಾನ ಹೋಯಿತು!

ಎರಡು ವರ್ಷದಿಂದ ನೀವೂ ನಿಮ್ಮ ಹಾಗೇ ಸ್ಟೇಜಿನಲ್ಲಿ ನಗಿಸುವ ಆ ಫೆಲಿಕ್ಸನೂ ಒಬ್ಬರನ್ನೊಬ್ಬರು ಆಡಿಕೊಂಡದ್ದಕ್ಕೆ ಲೆಕ್ಕ ಉಂಟಾ? ಶುರುವಾದದ್ದು ಯಾವ ಘನಕಾರ್ಯಕ್ಕೆ? ರಾಜ್ಯೋತ್ಸವದ ಸನ್ಮಾನದಲ್ಲಿ ಶಾಲು ಮೊದಲು ಅವನಿಗೆ ಹೊದಿಸಿದರು, ನಿಮಗೆ ಎರಡನೆಯದಾಗಿ. ಅವನ ಮೋರೆ ಕಂಡರೆ ಒಣಮೀನೂ ಮೂಗು ಮುಚ್ಚುತ್ತದೆ ಎಂದಿರಿ. ನಿಮ್ಮ ಜೋಕುಗಳು ವೀಸಾ ಮುಗಿದರೂ ಊರಿಗೆ ಹೋಗದವು ಎಂದು ಅವನೆಂದ. ಅಷ್ಟಕ್ಕೇ ಎರಡು ದಿನ ಊಟ ಬಿಟ್ಟಿರಿ. ಕಲಾವಿದನಿಗೆ ಮರ್ಯಾದೆ ಇಲ್ಲವೆಂದು ಫೇಸ್‌ಬುಕ್ ವಿಡಿಯೊದಲ್ಲಿ ಕಣ್ಣೀರು ಹಾಕಿದಿರಿ. ಮೂರನೆಯ ದಿನ ಅವನ ಹೆಂಡತಿಯ ಬಣ್ಣದ ಬಗ್ಗೆ ಜೋಕು ಮಾಡಿದಿರಿ.

ಇಷ್ಟಾದರೂ ನೀವಿಬ್ಬರೂ ಒಬ್ಬರ ಮೇಲೊಬ್ಬರು ದೂರು ಕೊಡಲಿಲ್ಲ. ಆನ್‌ಲೈನ್‌ನಲ್ಲಿ ಬೈದರೆ ಇಲ್ಲಿ ಜೈಲಾಗಬಹುದೆಂದು ಇಬ್ಬರಿಗೂ ಗೊತ್ತು. ಒಬ್ಬ ಠಾಣೆಯ ಮೆಟ್ಟಿಲು ಹತ್ತಿದರೆ ಇನ್ನೊಬ್ಬನೂ ಹತ್ತುತ್ತಾನೆಂಬ ಹೆದರಿಕೆ. ಹೆದರಿಕೆಯಿಲ್ಲದೆ ದೂರು ಕೊಡಲು ಒಬ್ಬ ಟೈಲರ್ ಬೇಕಾಯಿತು. ನನಗೆ ಅಸಹ್ಯವಾಗುತ್ತದೆ.

ನಾನೇನೂ ಸಾಚಾ ಅಲ್ಲ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಫೆಲಿಕ್ಸನ ಲಕ್ವ ಹೊಡೆದ ತಾಯಿ ಮಾತಾಡುವುದನ್ನು ನೀವು ಅಣಕಿಸಿದ ದಿನವೂ ನಕ್ಕೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಇದು ಹಾಸ್ಯವಲ್ಲ ಎಂದೆ. "ನಿಂಗೆ ಸ್ಟೇಜ್ ಅಂದ್ರೆ ಎಂತ ಗೊತ್ತುಂಟು? ನೀನೂ ಅವ್ನ ಪಾರ್ಟಿಯಾ?" ಎಂದು ಕೇಳಿದಿರಿ. ಆ ವಾರವೇ ನಾನು ಬ್ಯಾಗ್ ಕಟ್ಟಿದ್ದು.

ಅಬ್ಬಾಸರ ಹೆಂಡತಿ ರುಖಿಯಾ ನಿನ್ನೆ ಉಳ್ಳಾಲದಿಂದ ಫೋನ್ ಮಾಡಿದ್ದಳು. ಅಳಲಿಲ್ಲ, ಬೈಯಲೂ ಇಲ್ಲ. "ವಾರಿಜಕ್ಕ, ಹುಡುಗನ ಮನೆಯವ್ರು ಕೇಳ್ತಿದ್ದಾರೆ, ಮದುಮಗಳ ಬಾಪ ಯಾವಾಗ ಬರ್ತಾರೆ ಅಂತ. ಎಂತ ಹೇಳುದು ನಾನು?" ಎಂದಳು. ಅದಕ್ಕೆ ಉತ್ತರ ಕೊಡಬೇಕಾದವರು ನೀವು. ನಾಳೆ ಭಾನುವಾರ, ಠಾಣೆಗೆ ಹೋಗಿ ಒಂದು ಸಹಿ ಹಾಕಿ ಬಂದರೆ ಮುಗಿಯಿತು. ಅದನ್ನು ಬೇಕಾದರೆ ನಿಮ್ಮ ದೊಡ್ಡತನವೆಂದು ಲೈವ್‌ನಲ್ಲಿ ಹೇಳಿಕೊಳ್ಳಿ, ನನ್ನ ಅಡ್ಡಿಯಿಲ್ಲ.

ಇನ್ನೂ ನಿಮ್ಮ ವೀಸಾದಲ್ಲೇ ಇರುವ,
ವಾರಿಜಾ

ಕೊನೆಗೊಂದು ಮಾತು: ಆ ಕಾಮೆಂಟ್ ಬರೆದವಳು ನಾನು. ಕಳೆದ ತಿಂಗಳು ರವಿಕೆ ಅಳತೆ ಕೊಡಲು ದುಬೈಗೆ ಹೋದಾಗ ಅಬ್ಬಾಸರು ನಿಮ್ಮ ವಿಡಿಯೊ ನೋಡುತ್ತಿದ್ದರು. ಒಂದು ನಿಮಿಷ ಕೊಡಿ ಎಂದು ಫೋನ್ ಇಸಿದುಕೊಂಡು, ಅವರನ್ನು ಕೇಳದೆಯೇ ಬರೆದೆ. ಪೊಲೀಸರ ಮುಂದೆ ಅವರು ನನ್ನ ಹೆಸರೆತ್ತಲಿಲ್ಲ. "ಹೆಂಗ್ಸರನ್ನು ಠಾಣೆಗೆ ಎಳೆಯುದು ಬೇಡ" ಅಂದರಂತೆ. ಹತ್ತು ದಿನ ನಾನೂ ಹೇಡಿಯ ಹಾಗೆ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ದುಬೈ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದಿದ್ದೇನೆ. ನಿಮ್ಮ ಮಾನ ಕಳೆದ ಆರೋಪಿಯ ಪೂರ್ತಿ ಹೆಸರು ಕೇಳಿದರು. ವಾರಿಜಾ ಮೋಹನದಾಸ್ ಎಂದು ಬರೆಸಿದೆ.