ಮೂರನೆಯ ಕಂಬದ ಅರವತ್ತೆರಡು ಸೆಂಟಿಮೀಟರ್

ಮಾನ್ಯ ಮುಖ್ಯ ಎಂಜಿನಿಯರ್ ಅವರೇ,

ಹಳೇ ಸೇತುವೆಯ ಮೂರನೆಯ ಕಂಬದ ಮೇಲಿದ್ದ ನೀರಿನ ಮಟ್ಟದ ಅಂಕಿಗಳನ್ನು ಕಳೆದ ತಿಂಗಳ ಒಂದು ಭಾನುವಾರ ಯಾರಿಗೂ ಹೇಳದೆ ಅಳಿಸಿ, ಅರವತ್ತೆರಡು ಸೆಂಟಿಮೀಟರ್ ಕೆಳಗಿನಿಂದ ಹೊಸದಾಗಿ ಬರೆಸಿದ್ದೀರಿ. ಬಹಳ ಸಂತೋಷ. ಈಗ ಅವು ಸರಿಯಾಗಿವೆ. ಆದರೆ ಅವು ತಪ್ಪಾಗಿದ್ದ ಕಾಲದಲ್ಲಿ ಬಂದ ಪ್ರವಾಹಕ್ಕೆ ಒಬ್ಬ ಮನುಷ್ಯನನ್ನು ಹೊಣೆ ಮಾಡಿ ಕೆಲಸದಿಂದ ತೆಗೆದಿರಲ್ಲ, ಆ ವರದಿಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೀರಿ. ಕಂಬ ತಿದ್ದುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕಾಯಿತು. ವರದಿ ತಿದ್ದುವುದಕ್ಕೆ ಏನು ಬೇಕೋ ದಯವಿಟ್ಟು ಹೇಳಿ, ನಾನೇ ತಂದುಕೊಡುತ್ತೇನೆ.

ಆ ಮನುಷ್ಯ ನನ್ನ ಅಕ್ಕನ ಗಂಡ. ಇದನ್ನು ಓದಿದ ಕೂಡಲೇ ನೀವು ಕುರ್ಚಿಗೆ ಒರಗಿ, 'ಓ, ಭಾವನ ಪರವಾಗಿ ವಕಾಲತ್ತು' ಎಂದುಕೊಳ್ಳುತ್ತೀರಿ ಎಂದು ಬಲ್ಲೆ. ವಕಾಲತ್ತೇ, ಅನುಮಾನ ಬೇಡ. ಆದರೆ ವಕಾಲತ್ತು ಹಿಡಿದವಳು ಹೊರಗಿನವಳಲ್ಲ. ನಿಮ್ಮದೇ ಕಟ್ಟಡದ ನೆಲಮಹಡಿಯಲ್ಲಿ, ಕಾಂಕ್ರೀಟ್ ಬಾಳಿಕೆಯ ಸಂಶೋಧನೆ ನಡೆಯುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿರುವವಳು. ನೀವು ದಿನಾ ನನ್ನ ಬಾಗಿಲ ಮುಂದೆಯೇ ಹಾದು ಲಿಫ್ಟಿಗೆ ಹೋಗುತ್ತೀರಿ. ಒಳಗೆ ಬಂದದ್ದು ಎರಡೇ ಸಲ, ಅದರಲ್ಲೊಮ್ಮೆ ಛತ್ರಿ ಹುಡುಕಿಕೊಂಡು.

ನಮ್ಮ ಕೆಲಸ ಏನೆಂದು ಊರಿನವರಿಗೆ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಸೇತುವೆಯ ಕಂಬಕ್ಕೆ ಯಂತ್ರದಿಂದ ತೂತು ಕೊರೆದು, ಮುಷ್ಟಿಯ ದಪ್ಪದ ಕಾಂಕ್ರೀಟ್ ತುಂಡನ್ನು ಹೊರಗೆಳೆಯುತ್ತೇವೆ. ಅದನ್ನು ಸೀಳಿ, ಒಳಮೈಗೆ ಒಂದು ದ್ರಾವಣ ಚಿಮುಕಿಸುತ್ತೇವೆ. ಗುಲಾಬಿ ಬಣ್ಣ ಬಂದಷ್ಟು ಭಾಗ ಆರೋಗ್ಯವಾಗಿದೆ. ಬಣ್ಣ ಬಾರದಿದ್ದರೆ ಅಷ್ಟು ದೂರ ಗಾಳಿ, ತೇವ ಹೊಕ್ಕು ಕಾಂಕ್ರೀಟಿನ ಸತ್ವ ಹೋಗಿದೆ, ಒಳಗಿನ ಕಬ್ಬಿಣಕ್ಕೆ ತುಕ್ಕಿನ ಕಾಲ ಬಂದಿದೆ ಎಂದರ್ಥ. ಮೂರನೆಯ ಕಂಬದ ತುಂಡು ಹೊರಗಿನಿಂದ ನಾಲ್ಕು ಸೆಂಟಿಮೀಟರ್ ಬಣ್ಣವೇ ಬರದೆ ಬೆಪ್ಪಾಗಿ ಕೂತಿತ್ತು. ಬುಡದಲ್ಲಿ ಹೊಳೆ ಮಣ್ಣನ್ನು ಕೊರೆದುಕೊಂಡು ಹೋಗಿತ್ತು. ಹಳೆಯ ಪದರ ಕೆತ್ತಿ ತೆಗೆಯಿರಿ, ಸುತ್ತ ಹೊಸ ಕಾಂಕ್ರೀಟಿನ ಕವಚ ಹಾಕಿ, ಬುಡದ ಪಾದವನ್ನು ಎತ್ತರಿಸಿ ಎಂದು ನಮ್ಮ ವಿಭಾಗ ಬರೆಯಿತು. ಆಶ್ಚರ್ಯವೆಂದರೆ ನೀವು ಅದನ್ನು ಓದಿದಿರಿ, ಮಾಡಿಸಿದಿರಿ ಕೂಡ. ಇನ್ನು ಐವತ್ತು ವರ್ಷ ಈ ಸೇತುವೆಯ ಚಿಂತೆ ಬೇಡ ಎಂದು ಮೈಕಿನಲ್ಲಿ ಹೇಳಿದಿರಿ. ನಿಮ್ಮ ಮಾತು ಸುಳ್ಳಾಗಲಿಲ್ಲ. ಪ್ರವಾಹ ಬಂದಾಗ ಸೇತುವೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಸತ್ತದ್ದು ಕೆಳಗಿನ ಬೀದಿಯ ಟೈಲರ್.

ಈಗ ಭಾವನ ವಿಷಯ. ಇಪ್ಪತ್ಮೂರು ವರ್ಷ ಅವರು ಆ ಕಂಬದ ಅಂಕಿ ಓದಿದರು. ಸಾಧಾರಣ ದಿನಗಳಲ್ಲಿ ಮೂರು ಹೊತ್ತು, ಮಳೆಗಾಲದಲ್ಲಿ ಗಂಟೆಗೊಮ್ಮೆ. ಹೊಳೆಯ ಮೆಟ್ಟಿಲಿಳಿದು, ನೋಡಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟ ಪುಸ್ತಕದಲ್ಲಿ ಬರೆದು, ನಿಮ್ಮ ಎರಡನೆಯ ಮಹಡಿಗೆ ಫೋನ್ ಮಾಡುವುದು. ಬೀದಿಯ ಮಕ್ಕಳಿಗೆ ಅವರು 'ಅಳತೆ ಮಾಮ'. ಮನೆಯಲ್ಲೂ ಅದೇ ಚಾಳಿ. ಲೋಟಕ್ಕೆ ಕಾಫಿ ಬಗ್ಗಿಸಿದರೆ, "ಇವತ್ತು ಅರ್ಧ ಬೆರಳು ಕಮ್ಮಿ ಇದೆಯಲ್ಲ" ಎನ್ನುತ್ತಿದ್ದರು. "ನಾಳೆಯಿಂದ ಲೋಟಕ್ಕೂ ಬಣ್ಣದಲ್ಲಿ ಅಂಕಿ ಬರೆಸಿಡ್ತೀನಿ" ಎಂದು ಅಕ್ಕ ಗದರುತ್ತಿದ್ದಳು.

ಅಂಕಿ ನಾಲ್ಕು ಮೀಟರ್ ಮುಟ್ಟಿದರೆ ಸೈರನ್ ಕೂಗಿಸಬೇಕೆಂಬುದು ನಿಯಮ. ಅದನ್ನು ಕಂಡುಹಿಡಿದವರು ಎರಡನೆಯ ಮಹಡಿಯ ಪ್ರವಾಹ ವಿಭಾಗದವರು, ಹನ್ನೊಂದು ಮಳೆಗಾಲದ ದಾಖಲೆ ಹಿಡಿದು ಕೂತು. ನೀರು ನಾಲ್ಕು ಮುಟ್ಟಿದ ಎರಡು ಗಂಟೆಯೊಳಗೆ ಕೆಳಗಿನ ಬೀದಿಗೆ ನುಗ್ಗುತ್ತದೆ ಎಂದು ಅವರು ಬರೆದರು, ಅದು ಹಾಗೇ ನಡೆಯಿತು. ಅವರ ಸಂಶೋಧನೆಯೂ ಸರಿ, ನಮ್ಮದೂ ಸರಿ. ನಮ್ಮಿಬ್ಬರ ನಡುವೆ ಎರಡು ಮಹಡಿಯ ಮೆಟ್ಟಿಲಿತ್ತು ಅಷ್ಟೇ. ಕಂಬಕ್ಕೆ ಹೊಸ ಕವಚ ಹಾಕುತ್ತಿದ್ದೇವೆ, ನಿಮ್ಮ ಅಂಕಿಗಳು ಅದರಡಿ ಮುಚ್ಚಿಹೋಗುತ್ತವೆ ಎಂದು ಹೇಳಲು ನಾವು ಹತ್ತಲಿಲ್ಲ. ಏನಾಗುತ್ತಿದೆ ಎಂದು ಕೇಳಲು ಅವರು ಇಳಿಯಲಿಲ್ಲ.

ತಪ್ಪು ಹೇಗಾಯಿತು ಗೊತ್ತೆ? ಯಾರೂ ತಪ್ಪು ಮಾಡದೆ ಆಯಿತು. ಹಳೆಯ ನಕ್ಷೆಯಲ್ಲಿ ಒಂದು ಸಾಲಿತ್ತು: 'ಸೊನ್ನೆಯನ್ನು ಕಂಬದ ಪಾದದ ಮೇಲ್ಮೈಯಿಂದ ಆರಂಭಿಸುವುದು.' ಹೊಸ ನಕ್ಷೆ ಬರೆದವರು ಅದನ್ನು ನಿಷ್ಠೆಯಿಂದ ನಕಲು ಮಾಡಿದರು. ಪೇಂಟರ್ ಅದನ್ನು ನಿಷ್ಠೆಯಿಂದ ಪಾಲಿಸಿದ. ಪಾದವನ್ನು ಅರವತ್ತೆರಡು ಸೆಂಟಿಮೀಟರ್ ಎತ್ತರಿಸಿದ್ದೇವೆ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ. ಸೊನ್ನೆ ಅಷ್ಟು ಮೇಲಕ್ಕೆ ಹೋಯಿತು. ಅಂದಿನಿಂದ ಹೊಳೆ ಎಷ್ಟೇ ಏರಲಿ, ಕಂಬ ಅರವತ್ತೆರಡು ಕಡಿಮೆ ಹೇಳುತ್ತಿತ್ತು. ಕಂಬದ ಕೆಲಸವೆಲ್ಲ ಮುಗಿದ ಮೇಲೆ ಪರಿಶೀಲನೆಗೆ ಹೋದವಳು ನಾನು. ಕವಚದ ದಪ್ಪ ಅಳೆದೆ, ಗಟ್ಟಿತನ ನೋಡಿದೆ, ಬಿರುಕಿದೆಯೇ ಎಂದು ಕಂಬದ ಸುತ್ತ ದೋಣಿಯಲ್ಲಿ ಎರಡು ಸುತ್ತು ಹಾಕಿದೆ. ಒದ್ದೆ ಬಣ್ಣದ ಅಂಕಿಗಳು ನನ್ನ ಮೂಗಿನ ಮುಂದೆಯೇ ಇದ್ದವು. ಅಂಕಿ ನಮ್ಮ ವಿಭಾಗದ್ದಲ್ಲ. 'ಕಾಮಗಾರಿ ಎಲ್ಲ ರೀತಿಯಿಂದಲೂ ಸಮರ್ಪಕವಾಗಿದೆ' ಎಂಬ ಪ್ರಮಾಣಪತ್ರದ ಕೆಳಗೆ ಸಹಿ ಹಾಕಿ, ಮನೆಗೆ ಬಂದು ಹೊಟ್ಟೆತುಂಬ ಊಟ ಮಾಡಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಬೇಸಿಗೆಯಲ್ಲಿ ಒಂದು ದಿನ ಭಾವ ಕೇಳಿದರು, "ಅಲ್ವೇ, ಹೊಳೆ ನೋಡಿದ್ರೆ ಯಾವಾಗಿನ ಹಾಗೇ ಇದೆ, ಕಂಬ ನೋಡಿದ್ರೆ ನೀರು ತೀರಾ ಕಮ್ಮಿ ಅಂತಿದೆ. ಅಂಕಿ ಸರಿಯಾಗಿ ಬರ್ದಿದ್ದಾರಾ?"

ನಾನು ನಕ್ಕೆ. "ಭಾವ, ಕಂಬ ಹೊಸದಾಯ್ತು, ನಿಮ್ಮ ಕಣ್ಣು ಹಳೇದಾಯ್ತು. ಒಂದು ಕನ್ನಡಕ ಮಾಡಿಸ್ಕೊಳ್ಳಿ."

"ನೀನು ನೋಡಿದೀಯಲ್ಲ, ಹಾಗಾದ್ರೆ ಸರಿ ಬಿಡು" ಎಂದರು. ನಾದಿನಿ ದೊಡ್ಡ ಪ್ರಯೋಗಾಲಯದವಳು ಎಂಬ ಹೆಮ್ಮೆ ಅವರಿಗೆ. ಇಪ್ಪತ್ಮೂರು ವರ್ಷದ ಕಣ್ಣನ್ನು ನನ್ನ ಒಂದು ಕುಹಕಕ್ಕೆ ಬಿಟ್ಟುಕೊಟ್ಟರು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಪ್ರವಾಹದ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಕಂಬ ಮೂರು ಮೀಟರ್ ನಲವತ್ತೈದು ತೋರಿಸಿತು. ನಿಜವಾದ ಮಟ್ಟ ನಾಲ್ಕು ದಾಟಿತ್ತು. ಆ ಗಳಿಗೆಯಲ್ಲಿ ಸೈರನ್ ಕೂಗಬೇಕಿತ್ತು. ಕೆಳಗಿನ ಬೀದಿಯ ಟೈಲರ್ ಭಾವನಿಗೆ ಫೋನ್ ಮಾಡಿದರು. ಅವರಿಗೆ ಎಪ್ಪತ್ತರ ಮೇಲೆ ವಯಸ್ಸು, ಮಂಡಿನೋವು, ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಹೊಲಿಯಲು ಕೊಟ್ಟ ಬಟ್ಟೆಗಳನ್ನೆಲ್ಲ ಅಟ್ಟಕ್ಕೆ ಏರಿಸಿ ಮಗಳ ಮನೆಗೆ ಹೊರಡಲೇ ಎಂದು ಕೇಳಿದರು.

"ಇನ್ನೂ ಅರ್ಧ ಮೀಟರ್‌ಗಿಂತ ಜಾಸ್ತಿನೇ ಇದೆ ಟೈಲರೇ, ಅವಸರ ಏನಿಲ್ಲ. ಊಟ ಮಾಡಿ ಒಂದು ನಿದ್ದೆ ತೆಗೀರಿ. ಹೊರಡೋ ಹಾಗಿದ್ರೆ ನಾನೇ ಹೇಳ್ತೀನಿ" ಎಂದರು ಭಾವ.

ಟೈಲರ್ ಊಟ ಮಾಡಿದರು, ಮಲಗಿದರು. ಒಂದು ಗಂಟೆಗೆ ನೀರು ಬೀದಿಗೆ ನುಗ್ಗಿತು. ಕಂಬ ಇನ್ನೂ ನಾಲ್ಕು ಮುಟ್ಟಿರಲಿಲ್ಲ. ಭಾವ ಅಂಕಿಯನ್ನು ಬಿಟ್ಟು, ಮೆಟ್ಟಿಲು ಹತ್ತಿ ಓಡಿ, ನಿಯಮ ಮೀರಿ ಸೈರನ್ ಒತ್ತಿದರು. ಆಮೇಲೆ ಎದೆಮಟ್ಟದ ನೀರಿನಲ್ಲಿ ಟೈಲರ್ ಅಂಗಡಿಯ ಬಾಗಿಲವರೆಗೆ ಹೋದರು. ಬಾಗಿಲು ಒಳಗಿನಿಂದ ನೀರಿನ ಒತ್ತಡಕ್ಕೆ ಕಚ್ಚಿಕೊಂಡಿತ್ತು.

ನಿಮ್ಮ ವಿಚಾರಣಾ ಸಮಿತಿಯವರು ಮೂರು ಜನ, ವಿಚಾರಣೆ ನಡೆಸಿದ್ದು ಒಂದೂವರೆ ಗಂಟೆ. ಮೊದಲು ಭಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಐವತ್ತೆಂಟರ ವಯಸ್ಸಿಗೆ ಇಂಥ ದೂರದೃಷ್ಟಿ ಅಪರೂಪ ಎಂದು ಡಾಕ್ಟರು ಬರೆದುಕೊಟ್ಟರು. ಕಣ್ಣಿನಲ್ಲಿ ದೋಷ ಸಿಗದಿದ್ದರೆ ಮನುಷ್ಯನಲ್ಲೇ ಇರಬೇಕಲ್ಲ? ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರಿನ ಪ್ರಕಾರ ಮಟ್ಟ ನಾಲ್ಕು ದಾಟಿರಬೇಕು, ಇವರು ಮೂರೂವರೆಯ ಆಸುಪಾಸು ಬರೆದಿದ್ದಾರೆ, ಆದ್ದರಿಂದ ಸೇತುವೆಗೇ ಹೋಗದೆ 'ಕಾಲ್ಪನಿಕ ಅಂಕಿಗಳನ್ನು ದಾಖಲಿಸಿರುತ್ತಾರೆ' ಎಂದು ತೀರ್ಪಾಯಿತು. ಕಾಲ್ಪನಿಕ! ಮೂಳೆಯವರೆಗೆ ನೆನೆದು, ಗಂಟೆಗೊಮ್ಮೆ ಆ ಪಾಚಿಗಟ್ಟಿದ ಮೆಟ್ಟಿಲಿಳಿದವರಿಗೆ ಈ ಮಾತು. ಮೂವರು ವಿದ್ವಾಂಸರಲ್ಲಿ ಒಬ್ಬರಿಗಾದರೂ ಕಂಬವನ್ನು ಅಳೆಯೋಣ ಅನಿಸಲಿಲ್ಲವೆ? ಟೇಪು ಬೇಕಿದ್ದರೆ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಕೊನೆಗೆ ನಾನೇ ಅಳೆದೆ. ಸಂಶಯ ಬಂದದ್ದು ಆ 'ಕಾಲ್ಪನಿಕ' ಎಂಬ ಪದ ಓದಿದ ಮೇಲೆ. ಭಾವ ಸುಳ್ಳು ಬರೆಯುವ ಜನವಲ್ಲ, ಅಣೆಕಟ್ಟಿನ ಲೆಕ್ಕವೂ ಸುಳ್ಳಲ್ಲ. ಹಾಗಾದರೆ ಸುಳ್ಳು ಹೇಳಿದ್ದು ಕಂಬವೇ ಇರಬೇಕು. ಸೇತುವೆಯ ತಡೆಗೋಡೆಯಿಂದ ಕೆಳಗೆ ಟೇಪು ಬಿಟ್ಟು, ಹಳೆಯ ನಕ್ಷೆಯ ಜೊತೆ ಹೋಲಿಸಿ, ಮೂರು ಸಲ ಅಳೆದು, ಫೋಟೋ ತೆಗೆದು ವರದಿ ಕಳಿಸಿದೆ. ನಿಮ್ಮ ಕಚೇರಿಯಿಂದ ಮರಳಿ ಬಂತು: ಬಾಳಿಕೆ ವಿಭಾಗ ನೀರಿನ ಮಟ್ಟದ ವಿಷಯದಲ್ಲಿ ಅಭಿಪ್ರಾಯ ಕೊಡುವಂತಿಲ್ಲ. ಪ್ರವಾಹ ವಿಭಾಗದ ಮೂಲಕ ಕಳಿಸಿದೆ. ಮತ್ತೆ ಬಂತು: ಬಣ್ಣ ಬಳಿಯುವುದು ನಿರ್ವಹಣಾ ಶಾಖೆಗೆ ಸೇರಿದ್ದು. ಆ ಶಾಖೆಗೆ ಕಳಿಸಿದೆ. ಉತ್ತರವೇ ಇಲ್ಲ. ಭಾನುವಾರ ಪೇಂಟರ್ ಬಂದ. ಸೋಮವಾರ ನೋಡಿದರೆ ಅಂಕಿಗಳು ಜಾಗಕ್ಕೆ ಬಂದಿವೆ, ಕಡತದಲ್ಲಿ 'ವಾರ್ಷಿಕ ನಿರ್ವಹಣೆ' ಎಂದು ಬರೆದಿದೆ. ನನ್ನ ವರದಿಯಲ್ಲಿ ಹುರುಳಿಲ್ಲದಿದ್ದರೆ ಕಂಬ ತಿದ್ದಿಸಿದ್ದೇಕೆ? ಹುರುಳಿದ್ದರೆ ಭಾವನನ್ನು ಹೊರಗಿಟ್ಟಿದ್ದೇಕೆ? ಒಂದಕ್ಕಾದರೂ ಉತ್ತರ ಕೊಡಿ, ಯಾವುದಾದರೂ ಸರಿ.

ಟೈಲರ ಮಗಳು ಅಕ್ಕನ ಮನೆಯ ಎದುರು ಸಾಲಿನಲ್ಲಿದ್ದಾಳೆ. ಅಪ್ಪ ಮುಳುಗುತ್ತಿದ್ದಾಗ ಅಳತೆ ಮಾಮ ಮನೆಯಲ್ಲಿ ಬೆಚ್ಚಗೆ ಕೂತು ಅಂಕಿ ಗೀಚುತ್ತಿದ್ದರೆಂದು ಅವಳು ನಂಬಿದ್ದಾಳೆ. ಸರಕಾರದ ಕಾಗದವೇ ಹಾಗೆ ಹೇಳುವಾಗ ಅವಳು ಇನ್ನೇನು ನಂಬಬೇಕು? ಅಕ್ಕನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಭಾವ ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ಅಕ್ಕ ಎಷ್ಟು ಹೇಳಿದರೂ, "ಯಾರು ಏನಾದ್ರೂ ಬರೀಲಿ, ಮಲ್ಕೋ ಅಂತ ಹೇಳಿದ್ದು ನಾನೇ ತಾನೇ" ಎನ್ನುತ್ತಾರೆ.

ಸೋಮವಾರ ಸಂಜೆ ಹೊಸ ಅಂಕಿಗಳ ಫೋಟೋ, ಹಳೆಯ ಫೋಟೋ, ನನ್ನ ಅಳತೆ ಎಲ್ಲವನ್ನೂ ಅವರ ಮುಂದಿಟ್ಟೆ. ಪ್ರಮಾಣಪತ್ರದ ಪ್ರತಿಯನ್ನೂ ಇಟ್ಟೆ. ಅವರು ಪ್ರಮಾಣಪತ್ರವನ್ನು ಕೈಗೆತ್ತಿಕೊಂಡರು.

"ಇದು ನಿನ್ನ ಸಹಿನಾ?"

"ಹೌದು ಭಾವ."

"ಅಂಕಿ ನೋಡಿರ್ಲಿಲ್ವಾ?"

"ಇಲ್ಲ ಭಾವ. ನೀವು ಕೇಳಿದಾಗಲೂ ನೋಡ್ಲಿಲ್ಲ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕಾಗದಗಳನ್ನು ಜೋಡಿಸಿ ನನ್ನ ಕೈಗೇ ಕೊಟ್ಟರು. "ಎತ್ತಿಟ್ಟುಬಿಡು. ಯಾರಿಗೂ ತೋರಿಸ್ಬೇಡ. ಒಂದೇ ಮನೇಲಿ ಇಬ್ಬರ ಕೆಲಸ ಹೋಗೋದು ಬೇಡ" ಎಂದರು.

ಮಾನ್ಯರೇ, ನೀವು ಅಪರಾಧಿ ಎಂದು ಬರೆದ ಮನುಷ್ಯ ಇವರು. ಅವರ ಮಾತನ್ನು ನಾನು ಕೇಳುವುದಿಲ್ಲ, ಆದ್ದರಿಂದಲೇ ಈ ಪತ್ರ ಎಲ್ಲರೂ ಓದುವ ಜಾಗಕ್ಕೆ ಬಂದಿದೆ. ವಿಚಾರಣಾ ವರದಿಯಿಂದ ಅವರ ಹೆಸರನ್ನು ತೆಗೆಯಿರಿ, ಅಲ್ಲಿ ನನ್ನ ಹೆಸರನ್ನು ಬರೆಯಿರಿ. ಬರೆಯಲು ನಿಮಗೆ ಯಾಕೆ ಕೈ ಬರುತ್ತಿಲ್ಲ ಎಂಬುದೂ ನನಗೆ ಗೊತ್ತು. ಆ ಪ್ರಮಾಣಪತ್ರದಲ್ಲಿ ನನ್ನ ಸಹಿಯ ಪಕ್ಕದಲ್ಲಿ 'ಪರಿಶೀಲಿಸಿ ಅನುಮೋದಿಸಿದೆ' ಎಂದಿದೆ, ಅದರ ಕೆಳಗಿರುವುದು ನಿಮ್ಮ ಸಹಿ. ಇಬ್ಬರೂ ಒಟ್ಟಿಗೇ ಹೋಗೋಣ. ಮಳೆ ಹಿಡಿಯುವ ಮೊದಲು ತಿದ್ದಿದ ವರದಿಯನ್ನು ಹಿಡಿದು, ನಿಮ್ಮ ಕಾರನ್ನು ಬೀದಿಯ ತುದಿಯಲ್ಲಿ ಬಿಟ್ಟು, ಟೈಲರ ಮಗಳ ಬಾಗಿಲಿಗೆ ನಡೆದು ಬನ್ನಿ. ನಾನು ಅಲ್ಲಿರುತ್ತೇನೆ. ಅಂಕಿ ತಪ್ಪಿದ್ದು ಹೇಗೆ ಎಂದು ಅವಳು ಕೇಳುವ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಗೊತ್ತಾದ ಮೇಲೂ ಮುಚ್ಚಿಟ್ಟದ್ದೇಕೆ ಎಂಬ ಎರಡನೆಯದು ನಿಮ್ಮದು.

ಇಂತಿ,
ನೀವು ತಡೆಯುವ ದಿನದವರೆಗೆ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಕೆಲಸಕ್ಕೆ ಬರುವ,
ಕಾಂಕ್ರೀಟ್ ನೋಡಿ ಅಂಕಿ ನೋಡದೆ ಹೋದ
ನೆಲಮಹಡಿಯ ಪ್ರಯೋಗಾಲಯ ಸಹಾಯಕಿ