ಏಳನೆಯ ಹಿಡಿ ಮಣ್ಣು

ಏಳು ಹಟ್ಟಿ ಸಂಘದ ಅಧ್ಯಕ್ಷನೂ ನನ್ನ ಒಡಹುಟ್ಟಿದವನೂ ಆದ ಚಿನ್ನಸ್ವಾಮಿ ಅಣ್ಣನಿಗೆ,

ನಿನಗೆ ಕನ್ನಡ ಓದಲು ಬಾರದು. ಕೊಳ್ಳೇಗಾಲದಿಂದ ತಂದುಕೊಂಡ ಸೊಸೆ ಓದಿ ಹೇಳಲಿ. ಅವಳು ನಡುವೆ ತಡವರಿಸಿದರೆ ಬಿಡಬೇಡ, ಪೂರ್ತಿ ಓದಿಸು. ಗಡಿಯಾಚೆ ಚಿಕ್ಕಮ್ಮನ ಮನೆಯಲ್ಲಿಟ್ಟು, ಶಾಲೆಗೆ ಕಳಿಸಿ ನನಗೆ ಈ ಅಕ್ಷರ ಓದಿಸಿದವನು ನೀನೇ. ಅದನ್ನು ಮರೆತಿಲ್ಲ.

ಹೋದ ತಿಂಗಳು ಧರ್ಮಪುರಿಯ ಕಲ್ಯಾಣ ಮಂಟಪದಲ್ಲಿ ನೀನು ಮಾತಾಡಿದೆಯಲ್ಲ, ಹೆಂಗಸರ ಸಾಲಿನಲ್ಲಿ ನಾನೂ ಇದ್ದೆ. ಗಣರಾಜ್ಯ ದಿನದ ಹಿಂದಿನ ಸಂಜೆ ಟಿವಿಯಲ್ಲಿ ರಾಷ್ಟ್ರಪತಿಗಳು ಮಾತಾಡುವ ಹಾಗೆ ನೀನು ನಿಧಾನಕ್ಕೆ ಶುರು ಮಾಡಿದೆ. ಆಮೇಲೆ ನಮ್ಮ ಮಾತಿಗೆ ಇಳಿದೆ. "ಈ ತಮಿಳು ಸೀಮೆಯಾಗೆ ಕುರಿ ಕಾಯೋ ಕನ್ನಡದೋರು ನಾವಿರೋದೇ ನಾಕು ಜನ. ಯಾರೂ ಬುಟ್ಟು ಓಗಬ್ಯಾಡಿ. ಕೈ ಮುಗಿದು ಕೇಳ್ಕೊಳ್ತೀನಿ, ಒಟ್ರುಮೆ ಬೇಕು ನಮ್ಗೆ, ಒಗ್ಗಟ್ಟು" ಎಂದು ಟವಲ್ಲಿನಲ್ಲಿ ಕಣ್ಣೊರೆಸಿಕೊಂಡೆ. ನನಗೂ ಅಳು ಬಂತು, ದಡ್ಡಿ ನಾನು.

ನನ್ನ ಗಂಡ ಮಹದೇವ ಅವತ್ತು ಎದ್ದು ನಿಂತು ಕೇಳಿದ್ದು ಒಂದೇ ಮಾತು. ಮೂವತ್ತು ವರ್ಷದಿಂದ ಅಧ್ಯಕ್ಷಗಿರಿ ನಿನ್ನ ಹಟ್ಟಿ ದಾಟಿಲ್ಲ. "ಮುಂದ್ಲ ಸಲ ನಮ್ಮ ಅಟ್ಟಿಗೆ ಕೊಡಿ ಬಾವ. ಇಲ್ಲಾಂದ್ರೆ ನಾವು ಸಂಘ ಬುಟ್ಟು ತನಿಯಾಗಿ ಓಗ್ತೀವಿ" ಎಂದರು, ಅಷ್ಟೇ.

ಹತ್ತು ದಿನ ಕಳೆಯಲಿಲ್ಲ, ನಮ್ಮತ್ತೆ ಮುತ್ತಮ್ಮ ತೀರಿಕೊಂಡರು. ಅಪ್ಪನ ಸ್ವಂತ ತಂಗಿ. ನನಗೆ ಗಂಡನ ತಾಯಿಯಾಗುವ ಮೊದಲೇ ನಿನಗೆ ಸೋದರತ್ತೆ. ಅಮ್ಮ ಜ್ವರ ಬಂದು ಮಲಗಿದ್ದಾಗ ನಿನಗೆ ಮೊಲೆಯೂಡಿದವರು. ನಮ್ಮವರಲ್ಲಿ ಯಾರು ಸತ್ತರೂ ಏಳು ಹಟ್ಟಿಯ ಕುರಿದೊಡ್ಡಿಗಳಿಂದ ಏಳು ಹಿಡಿ ಮಣ್ಣು ಬಂದು ಗುಂಡಿಗೆ ಬೀಳಬೇಕು. ಒಂದು ಕಮ್ಮಿಯಾದರೂ ಹೆಣ ಎತ್ತುವಂತಿಲ್ಲ. ಮಧ್ಯಾಹ್ನದೊಳಗೆ ನಮ್ಮದೂ ಸೇರಿ ಆರು ಹಿಡಿ ಕೂಡಿತು. ಆಕೆ ಹುಟ್ಟಿದ ನಿನ್ನ ಹಟ್ಟಿಯದು ಮಾತ್ರ ಬರಲಿಲ್ಲ.

ಫೋನ್ ಮಾಡಿದರೆ ನೀನು, "ತನಿಯಾಗಿ ಓಗ್ತೀವಿ ಅಂದೋರು ನೀವಲ್ವಾ? ಓಗಿ. ನಮ್ಮ ಮಣ್ಣು ನಿಮ್ಗ್ಯಾಕೆ?" ಎಂದೆ. ಬಿಸಿಲು ಏರಿತು. ಐಸ್ ಪೆಟ್ಟಿಗೆ ತರಿಸಿದೆವು. ಐದು ಗಂಟೆಗೆ ನಿನ್ನ ಬಲಗೈ ರಾಜಗೋಪಾಲ್ ಕಾರಿನಲ್ಲಿ ಬಂದಿಳಿದ. ಒಂದು ಕೈಯಲ್ಲಿ ಮಣ್ಣಿನ ಗಂಟು, ಇನ್ನೊಂದರಲ್ಲಿ ಟೈಪ್ ಮಾಡಿಸಿದ ಕಾಗದ. ನಮ್ಮ ಹಟ್ಟಿ ಎಂದಿಗೂ ಸಂಘ ಬಿಡುವುದಿಲ್ಲ ಎಂದು ಅದರಲ್ಲಿತ್ತು. "ಕೈಯೆಳುತ್ತು ಆಕಿ, ಮಣ್ಣು ತಕ್ಕೊಳ್ಳಿ. ತಲೈವರು ಅಂಗೇ ಏಳವ್ರೆ" ಎಂದ. ತಲೈವರೆಂದರೆ ನೀನು. ಇವರು ತಮ್ಮ ಹೆತ್ತವಳ ಕಡೆ ಒಮ್ಮೆ ನೋಡಿ, ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ನಾಲ್ಕೇ ದಿನಕ್ಕೆ ಸಂಘದ ವಾಟ್ಸಾಪ್‌ನಲ್ಲಿ ಮಾಲೆ ಹಾಕಿಕೊಂಡ ನಿನ್ನ ಫೋಟೋ ಬಂತು. ಒಗ್ಗಟ್ಟು ಉಳಿಸಿದ ನಾಯಕನಂತೆ. ಉಳಿಸಿದ್ದು ಹೌದು, ಹಾಲು ಕೊಟ್ಟವಳ ಹೆಣ ಕಾಯಿಸಿ ಉಳಿಸಿದೆ. ನಿನಗೆ ನಾಚಿಕೆಯಾಗಲಿಲ್ಲವೇ ಅಣ್ಣ?

ಮಕ್ಕಳನ್ನು ಕೂರಿಸಿ ಹೇಳಿದ್ದೇನೆ. ನಾನು ಸತ್ತ ದಿನ ಆರು ಹಿಡಿ ಸಾಕು, ನಿನ್ನ ಹಟ್ಟಿಗೆ ಸುದ್ದಿ ಕಳಿಸಬಾರದು. ನಾನು ಹುಟ್ಟಿ, ಕುರಿಮರಿಗಳ ಜೊತೆ ಬೆಳೆದ ದೊಡ್ಡಿಯ ಮಣ್ಣು ಅದು. ಆದರೂ ಬೇಡ. ನಮ್ಮ ಹಟ್ಟಿ ಸಹಿಗೆ ಕಟ್ಟುಬಿದ್ದು ಸಂಘದಲ್ಲೇ ಇರುತ್ತದೆ, ನೀನು ಹೆದರಬೇಡ. ಬಿಟ್ಟು ಹೋದವಳು ನಾನೊಬ್ಬಳೇ.

ಅತ್ತಿಗೆಗೂ ಮೊಮ್ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ನಿನಗೆ ಹಾರೈಸಲು ಬಾಯಿ ಬರುತ್ತಿಲ್ಲ.

ಇಂತಿ,
ಮುತ್ತಮ್ಮನ ಸೊಸೆ ಶಶಿಕಲಾ