ನಮ್ಮತ್ತೆಯ ಅಣಬೆ ಜಾಗದಲ್ಲಿ ಬೆಂಚು ಹಾಕಿಸಿದವರಿಗೆ

ಡಿಜಿಟಲ್ ನಾವೀನ್ಯ ಹಾಗೂ ತಂತ್ರಜ್ಞಾನ ನೀತಿಯ ತಜ್ಞರಾದ ಮಾನ್ಯರೇ,

ತಮಗೆ ಬಡ್ತಿ ಸಿಕ್ಕಿದ್ದಕ್ಕೂ ನಮ್ಮತ್ತೆ ನನ್ನೊಡನೆ ಮಾತು ಬಿಟ್ಟಿದ್ದಕ್ಕೂ ಕಾರಣ ಒಂದೇ: ಎಸ್ಟೋನಿಯಾದ ಅಷ್ಟೂ ಕಾಡನ್ನು ಫೋನಿನೊಳಗೆ ತುಂಬಿದ ತಮ್ಮ ನಕ್ಷೆ. ನಕ್ಷೆ ನಿಮ್ಮದು, ಶಿಕ್ಷೆ ನಮ್ಮದು.

ತಮ್ಮ ಏಳಿಗೆಯನ್ನು ದೇಶದ ದಕ್ಷಿಣ ಮೂಲೆಯ ವೊರು ಕಡೆಯ ನಾವು ಮೊದಲ ಮೆಟ್ಟಿಲಿನಿಂದ ಕಂಡವರು. ನಮ್ಮೂರ ಗ್ರಂಥಾಲಯದಲ್ಲಿ ತಾವು ಮುದುಕಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಾಗ ಮುಂದಿನ ಸಾಲಿನಲ್ಲಿ ನಮ್ಮತ್ತೆ ಹಿಲ್ಯೆ ಕೂತಿದ್ದರು. ಬಳಿಕ ಪುರಸಭೆಗೆ ಸಲಹೆಗಾರರಾದಿರಿ, ರಾಜಧಾನಿಗೆ ತಜ್ಞರಾದಿರಿ. ಈಗ ಬ್ರಸೆಲ್ಸ್‌ನಲ್ಲಿ ಪ್ರಜೆಗಳ ಖಾಸಗಿತನದ ಬಗ್ಗೆ ಭಾಷಣ ಮಾಡುತ್ತೀರಂತೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ. ತಟ್ಟಲಿ. ಆ ಸಭೆಯಲ್ಲಿ ಅಣಬೆ ಕೀಳುವವರು ಯಾರೂ ಇರಲಿಲ್ಲ.

ಇಲ್ಲೇ ಹುಟ್ಟಿದ ತಮಗೆ ಹೊರಗಿನಿಂದ ಬಂದ ನಾನು ಹೇಳಿಕೊಡಬೇಕೇ? ಇಲ್ಲಿಯವರು ಕಾಯಿಲೆ ಹೇಳಿಯಾರು, ಗೊಣಗುತ್ತ ಸಂಬಳವನ್ನೂ ಹೇಳಿಯಾರು. ಅಣಬೆ ಏಳುವ ಜಾಗವನ್ನು ಮಾತ್ರ ಹೆತ್ತ ಮಗಳಿಗೂ ಹೇಳರು. ಹತ್ತೊಂಬತ್ತು ವರ್ಷ ಅಳಿಯನಾಗಿ ಸೌದೆ ಒಡೆದ ಮೇಲೆ, ಈ ಆಗಸ್ಟಿನಲ್ಲಿ ಅತ್ತೆ ನನ್ನ ಕೈಗೆ ಬಕೆಟ್ ಕೊಟ್ಟರು. "ಬಾರಯ್ಯ. ಮಂಡಿ ನೋವು, ಇನ್ಮೇಲೆ ನಂಗೆ ಬಗ್ಗೋಕಾಗಲ್ಲ. ಎಲ್ಲಾದ್ರೂ ಬಾಯಿಬಿಟ್ಯೋ, ಅಣಬೆ ಜೊತೆ ನಿನ್ನನ್ನೂ ಉಪ್ಪಿನಕಾಯಿ ಹಾಕ್ತೀನಿ."

ನಾನು ಬಾಯಿಬಿಡಲಿಲ್ಲ ಮಾನ್ಯರೇ. ಬಿಟ್ಟದ್ದು ಜೇಬಿನಲ್ಲಿದ್ದ ಫೋನು. ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕಲೆಂದು ತಾವು ಎಲ್ಲರಿಗೂ ಹಾಕಿಸಿದ ಆ್ಯಪ್, ನಾವು ಒಂದೇ ಜಾಗದಲ್ಲಿ ಮೂರು ಗಂಟೆ ಇದ್ದುದನ್ನು ಬರೆದುಕೊಂಡಿತು. ಅಷ್ಟು ಹೊತ್ತು ನಿಂತರೆಂದ ಮೇಲೆ ಅದು ಸೊಗಸಾದ ವಿಶ್ರಾಂತಿ ತಾಣವೇ ಇರಬೇಕೆಂದು ತಮ್ಮ ಇಲಾಖೆ ನಕ್ಷೆಯಲ್ಲಿ ಹಸಿರು ಚುಕ್ಕೆ ಇಟ್ಟಿತು. ನಮ್ಮ ರಸ್ತೆಯ ಗುಂಡಿ ನಾಲ್ಕು ವರ್ಷದಿಂದ ಹಾಗೇ ಇದೆ. ಬೆಂಚು ಹದಿನೈದೇ ದಿನದಲ್ಲಿ ಬಂತು! ಸೊಂಟ ಬಗ್ಗಿಸಿ ಮೂರು ಗಂಟೆ ಕಳೆದವರನ್ನು ವಿಶ್ರಾಂತಿ ಪಡೆದವರೆಂದು ತಿಳಿಯಲು ಎಷ್ಟು ಪದವಿ ಓದಿರಬೇಕು? ಶನಿವಾರ ಟಾರ್ಟು ನಗರದಿಂದ ಒಂದು ಬಸ್ಸು ಜನ ಬಂದಿಳಿದರು. ಬೆಂಚಿನ ಮೇಲೆ ಯಾರೂ ಕೂರಲಿಲ್ಲ, ನಮ್ಮ ಅಣಬೆ ತುಂಬಿದ ಬಕೆಟ್ ಇಟ್ಟುಕೊಂಡರು.

"ಯಾರಿಗೆ ಹೇಳ್ದೆ?" ಎಂದರು ಅತ್ತೆ.

"ಆಣೆಗೂ ನಾನಲ್ಲ ಅತ್ತೆ. ಫೋನು."

"ಫೋನಿಗೆ ಯಾರು ಹೇಳಿದ್ದು?"

ನನ್ನ ಹೆಂಡತಿ ಟೀಯು ನಡುವೆ ಬಂದಳು. "ಅದು ಸರ್ಕಾರದ್ದಮ್ಮ, ಇವನೇನ್ ಮಾಡ್ತಾನೆ?"

"ಸರ್ಕಾರ ನಡೆಸೋ ಆ ಹುಡುಗ ನಂಗೆ ಗೊತ್ತು ಕಣೇ. ಗ್ರಂಥಾಲಯದಲ್ಲಿ ಎಲೆಕೋಸಿನ ಕಡುಬು ತಿನ್ನಿಸಿದೀನಿ. ತುಂಬಾ ಒಳ್ಳೆಯವ್ನು. ಇವನೇ ಎಲ್ಲೋ ಬೊಗಳಿರ್ತಾನೆ!"

ನೋಡಿದಿರಾ? ತಮಗೆ ಮನ್ನಣೆ, ನನಗೆ ಬವಣೆ. ಆ್ಯಪಿನಲ್ಲಿ ಒಪ್ಪಿಗೆ ಒತ್ತಿದ ಒಂದೇ ತಪ್ಪಿಗೆ!

ನಗುವ ಮಾತು ಇಲ್ಲಿಗೆ ಸಾಕು. ಎಪ್ಪತ್ತೆಂಟರ ಆ ಹೆಂಗಸು ಮೊನ್ನೆ ಮಂಡಿಗೆ ಬಟ್ಟೆ ಸುತ್ತಿಕೊಂಡು, ಹೊಸ ಜಾಗ ಹುಡುಕಲು ಒಬ್ಬರೇ ಕಾಡಿಗೆ ಹೋದರು. ಅದೇ ಆ್ಯಪ್ ಇದ್ದ ಫೋನನ್ನು ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟು ಹೋದರು. ಮರಳಿದಾಗ ಕತ್ತಲಾಗಿತ್ತು, ಅಂಗೈ ತರಚಿತ್ತು. ದಾರಿ ತಪ್ಪಿದವರನ್ನು ಕಾಯಬೇಕಾದ ಆ್ಯಪ್ ಮಾತ್ರ ಹಿಟ್ಟಿನೊಳಗೆ ಕ್ಷೇಮವಾಗಿತ್ತು. ಗುಟ್ಟು ಕಾಯದ ಕಾವಲುಗಾರನನ್ನು ಯಾರು ಜೊತೆಗೆ ಕರೆದೊಯ್ಯುತ್ತಾರೆ? ತಮ್ಮ ನೀತಿಯಲ್ಲಿ ಇದಕ್ಕೆ ಅಧ್ಯಾಯವಿದೆಯೇ?

ಆದ್ದರಿಂದ ಚುಕ್ಕೆ ಅಳಿಸಿ, ಬೆಂಚು ಕೀಳಿಸಿ. ಆಮೇಲೆ ಖುದ್ದಾಗಿ ಬಂದು ನಮ್ಮತ್ತೆಯ ಅಡುಗೆಮನೆಯಲ್ಲಿ ಕೂತು, "ಅಳಿಯ ಹೇಳಲಿಲ್ಲ, ನಾನೇ ಹೇಳಿದ್ದು" ಎನ್ನಿ. ಭಾಷಣ ಬೇಡ, ಈ ಒಂದು ವಾಕ್ಯ ಸಾಕು. ನಾನು ಹೇಳಿದರೆ ನಂಬುವುದಿಲ್ಲ; ತಾವು ಹೇಳಿದರೆ ನಂಬುತ್ತಾರೆ. ಭಾನುವಾರ ಅವರು ಮತ್ತೆ ಒಬ್ಬರೇ ಹೊರಡುತ್ತಾರೆ. ಶನಿವಾರವೇ ಬನ್ನಿ.

ಇಂತಿ,
ಹತ್ತೊಂಬತ್ತು ವರ್ಷದ ಬಳಿಕ ಮತ್ತೆ ಅತಿಥಿಗಳ ಬಟ್ಟಲಿನಲ್ಲಿ ಕಾಫಿ ಕುಡಿಯುತ್ತಿರುವ,
ಹಿಲ್ಯೆಯವರ ಅಳಿಯ (ಸದ್ಯಕ್ಕೆ)